ಪೆಡಲ್ ಗಟ್ಟಿಯಾಗುವ ತನಕ ಗಾಡಿ ಕದಲಬಾರದು

ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಬರುವ ಕಾರುಗಳ ಬ್ರೇಕ್ ನೋಡುವುದೇ ನನಗೆ ಹೆಚ್ಚಿನ ಕೆಲಸ. ಸ್ಪಾನರ್ ಹಿಡಿಯಬಲ್ಲ ಯಾರೂ ಪ್ಯಾಡ್ ಬದಲಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತಾರು. ಹಾಕಿದ್ದನ್ನು ಪರೀಕ್ಷೆ ಮಾಡಿ ನೋಡುವ ತಾಳ್ಮೆ ಮಾತ್ರ ಬೇಗ ಬರುವುದಿಲ್ಲ. ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಹೇಳುವುದು ಇಷ್ಟು.

1. ಜಾಕಿ ಇರುವುದು ಗಾಡಿ ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಎತ್ತಿದ ಕೂಡಲೇ ಸ್ಟ್ಯಾಂಡ್ ಕೊಡಿ, ನೆಲದ ಮೇಲಿರುವ ಚಕ್ರಗಳಿಗೆ ಮರದ ತುಂಡು ಒತ್ತಿಡಿ. ಅಂಗಳದ ಮುರಕಲ್ಲನ್ನೇ ಅಡಿಗೆ ಕೊಡುವ ಚಾಳಿ ನಮ್ಮ ಕಡೆ ಇದೆ. ಆ ಕಲ್ಲು ಯಾವಾಗ ಒಡೆಯುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ.

2. ಪ್ಯಾಡ್ ಬದಲಿಸಿದರೆ ಎಡಕ್ಕೂ ಬಲಕ್ಕೂ ಒಟ್ಟಿಗೇ ಬದಲಿಸಬೇಕು. "ಒಂದೇ ಕಡೆ ಸವೆದಿದೆ, ಅದೊಂದನ್ನೇ ಹಾಕಿ ಅಣ್ಣ" ಎನ್ನುವವರಿದ್ದಾರೆ. ಹಾಗೆ ಹಾಕಿಕೊಟ್ಟರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯಬಹುದು. ಅದಕ್ಕಿಂತ ಮೊದಲು, ಒಂದೇ ಕಡೆ ಸವೆದದ್ದೇಕೆ ಎಂದು ನೋಡಬೇಡವೇ? ಸಾಮಾನ್ಯವಾಗಿ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡಿದು ಬಿಗಿದಿರುತ್ತದೆ, ಇಲ್ಲವೇ ಪಿಸ್ಟನ್ ಸಿಕ್ಕಿಕೊಂಡಿರುತ್ತದೆ. ಪಿನ್ ಬಿಚ್ಚಿ ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ತಾಗಿದರೆ ಅಲ್ಲಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಡಿಸ್ಕಿನ ದಪ್ಪವನ್ನೂ ಅಳೆಯಿರಿ. ಕನಿಷ್ಠ ಎಷ್ಟಿರಬೇಕೆಂದು ಹೆಚ್ಚಿನ ಡಿಸ್ಕ್‌ಗಳ ಮೇಲೇ ಕೊರೆದಿರುತ್ತಾರೆ.

3. ಬಿಚ್ಚಿದ ಕ್ಯಾಲಿಪರನ್ನು ಹೋಸ್ ಪೈಪಿನಲ್ಲಿ ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ. ಏರ್ ಹೊಡೆದು ಬ್ರೇಕ್ ದೂಳು ಹಾರಿಸಬೇಡಿ, ಅದು ಹೋಗುವುದು ನಿಮ್ಮ ಎದೆಗೂಡಿಗೇ. ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು.

4. ಇದನ್ನು ಎರಡು ಸಲ ಓದಿ. ಹೊಸ ಪ್ಯಾಡ್ ದಪ್ಪಗಿರುವುದರಿಂದ ಪಿಸ್ಟನ್ನನ್ನು ಒಳಕ್ಕೆ ಒತ್ತಿಯೇ ಕೂರಿಸಬೇಕಾಗುತ್ತದೆ. ಆಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ತುಳುಕಿದರೆ ಪೇಂಟ್ ಕಿತ್ತುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ. ಅಪಾಯವಿರುವುದು ಇದರ ನಂತರ. ಎಲ್ಲ ಜೋಡಿಸಿದ ಮೇಲೂ ಪಿಸ್ಟನ್‌ಗೂ ಪ್ಯಾಡ್‌ಗೂ ನಡುವೆ ಸಂದು ಉಳಿದಿರುತ್ತದೆ, ಮೊದಲ ಸಲ ಒತ್ತಿದಾಗ ಪೆಡಲ್ ನೆಲ ಮುಟ್ಟುತ್ತದೆ. ಅಂದರೆ ಆ ಕ್ಷಣಕ್ಕೆ ಗಾಡಿಗೆ ಬ್ರೇಕೇ ಇಲ್ಲ. ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದವರು ಹಿಂದಿನ ಗೋಡೆಗೆ ಹೋಗಿ ಬಡಿಯುವುದು ಹೀಗೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ನಿಧಾನವಾಗಿ ಪಂಪ್ ಮಾಡುತ್ತಾ ಹೋಗಿ, ಪೆಡಲ್ ಮೇಲೆ ಬಂದು ಗಟ್ಟಿಯಾಗಬೇಕು. ನಂತರ ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡಿ.

5. ಪಂಪ್ ಮಾಡಿದರೂ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ. ಏರ್ ತೆಗೆಯಲು ಇಬ್ಬರು ಬೇಕು. ಒಳಗಿದ್ದವನು ಪೆಡಲ್ ಒತ್ತಿ "ಹಿಡಿದಿದ್ದೇನೆ" ಅನ್ನಬೇಕು. ಹೊರಗಿದ್ದವನು ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿದು "ಬಿಡು" ಅನ್ನಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಹೋದ ಗಾಳಿ ವಾಪಸು ಬರುತ್ತದೆ. ಈ ಕೆಲಸ ಮಾಡುವಾಗ ಇಬ್ಬರ ಮೊಬೈಲೂ ನನ್ನ ಮೇಜಿನ ಮೇಲಿರುತ್ತದೆ.

6. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಆಯಿಲ್‌ಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯ ತಿರುವುಗಳಲ್ಲಿ ಗೇರ್ ಇಳಿಸದೆ ಬರೀ ಬ್ರೇಕ್ ಒತ್ತುತ್ತಾ ಬಂದರೆ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ಜಾರುತ್ತದೆ. ಆದ್ದರಿಂದ ಒಡೆದು ತಿಂಗಳುಗಟ್ಟಲೆ ಇಟ್ಟ ಅರ್ಧ ಡಬ್ಬಿ ಆಯಿಲ್ ಬಳಸಬೇಡಿ.

7. ಈಗ ಪರೀಕ್ಷೆ. ಎಂಜಿನ್ ಆಫ್ ಇದ್ದಾಗ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ತುಸು ಕೆಳಗಿಳಿದು ನಿಂತರೆ ಬೂಸ್ಟರ್ ಸರಿಯಿದೆ. ನಿಲ್ಲದೆ ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಹೋಗಿದೆ. ಅಂಥ ಗಾಡಿ ಗೇಟು ದಾಟಬಾರದು. ಮೊದಲು ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಎರಡು ಮೂರು ಸಲ ನಿಲ್ಲಿಸಿ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಐವತ್ತರಿಂದ ಹತ್ತರವರೆಗೆ ಹದವಾಗಿ ವೇಗ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ನಡುನಡುವೆ ಆರಲು ಬಿಟ್ಟು ಹೀಗೆ ಎಂಟು ಹತ್ತು ಸಲ ಮಾಡಿದರೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ವಾಪಸು ಬಂದ ಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದೇ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಆ ಚಕ್ರವನ್ನು ಮತ್ತೆ ಬಿಚ್ಚಿ, ಗಿರಾಕಿ ಎಷ್ಟೇ ಅವಸರ ಮಾಡಲಿ.