ಅಳಿಸಿದ ವಾಕ್ಯದ ಕಥನ: ‘ಎಮಿಲಿ ಈಸ್ ಅವೇ’ ಮತ್ತು ಚಿಕ್ಕಬಳ್ಳಾಪುರ ಸೀಮೆಯ ಸ್ನೇಹಭಾಷೆ

ಅಮೆರಿಕದ ಕೈಲ್ ಸೀಲಿ 2015ರಲ್ಲಿ ರೂಪಿಸಿದ ‘ಎಮಿಲಿ ಈಸ್ ಅವೇ’ ಎಂಬ ವೀಡಿಯೋ ಗೇಮ್‌ನಲ್ಲಿ ಓಟವಿಲ್ಲ, ಕಾದಾಟವಿಲ್ಲ, ಗೆಲುವೂ ಇಲ್ಲ. ಇರುವುದು ಹಳೆಯ ವಿಂಡೋಸ್ ಎಕ್ಸ್‌ಪಿ ಪರದೆ ಹಾಗೂ ಒಂದು ಚಾಟ್ ಕಿಟಕಿ. ಆಟಗಾರನು ಎಮಿಲಿ ಎಂಬ ಗೆಳತಿಯೊಡನೆ 2002ರಿಂದ 2006ರವರೆಗೆ, ವರ್ಷಕ್ಕೊಂದು ಬಾರಿ, ಸಂಭಾಷಿಸುತ್ತಾನೆ. ಶಾಲೆಯ ಕೊನೆಯ ವರ್ಷದಲ್ಲಿ ಆರಂಭವಾಗುವ ಈ ಮಾತುಕತೆ ಕಾಲೇಜಿನ ಕೊನೆಯ ವರ್ಷದಲ್ಲಿ ಮುಗಿಯುತ್ತದೆ. ಮಾತುಗಳನ್ನು ಆಯ್ದುಕೊಳ್ಳುವ ಅವಕಾಶವಿದ್ದರೂ ಯಾವ ದಾರಿಯನ್ನು ಹಿಡಿದರೂ ಸ್ನೇಹ ಸವೆದುಹೋಗುತ್ತದೆ. ಆಯ್ಕೆಯ ಭ್ರಮೆಯನ್ನು ಕುರಿತು ಬಹಳಷ್ಟು ಹೇಳಬಹುದು. ಆದರೆ ಈ ಕೃತಿಯ ಸತ್ವ ಅಲ್ಲಿಲ್ಲ. ಅದು ವಾಕ್ಯವನ್ನು ಅಳಿಸುವ ಕ್ರಮದಲ್ಲಿದೆ.

ಆಟಗಾರನು ಉತ್ತರವನ್ನು ಆರಿಸಿ ಕೀಲಿಗಳನ್ನು ಒತ್ತುತ್ತ ಹೋದಂತೆ ಅಕ್ಷರಗಳು ಮೂಡುತ್ತವೆ. ಕೆಲವೆಡೆ ಅರ್ಧ ಮೂಡಿದ ವಾಕ್ಯ ತಾನಾಗಿ ಹಿಂದೆ ಸರಿದು ಅಳಿಯುತ್ತದೆ. ಅದರ ಜಾಗದಲ್ಲಿ ಅಪಾಯವಿಲ್ಲದ ಬೇರೊಂದು ಮಾತು ಬರುತ್ತದೆ. ಕೊನೆಯ ಅಧ್ಯಾಯದಲ್ಲಂತೂ ಹೇಳಬೇಕಾದ ಮಾತೆಲ್ಲ ಹೀಗೆಯೇ ಅಳಿದು ಹವಾಮಾನ, ಕುಶಲಪ್ರಶ್ನೆಗಳಷ್ಟೇ ಉಳಿಯುವ ಸ್ಥಿತಿ ಬರುತ್ತದೆ. ಕವಿರಾಜಮಾರ್ಗವು ಧ್ವನಿಯನ್ನು ಅಲಂಕಾರಗಳ ಸಾಲಿಗೆ ಸೇರಿಸಿತು. ಆನಂದವರ್ಧನ ಅದನ್ನು ಕಾವ್ಯದ ಆತ್ಮವೆಂದನು. ಎರಡೆಡೆಯೂ ಹೇಳಿದ ಮಾತು ಹೇಳದುದನ್ನು ಸಹೃದಯನಿಗೆ ಮುಟ್ಟಿಸುತ್ತದೆ. ಇಲ್ಲಿ ನಡೆಯುವುದು ಇದರ ವಿಪರ್ಯಾಸ. ಹೇಳದುದು ಬರೆದವನ ಕಣ್ಣಿಗೆ ಮಾತ್ರ ಬಿದ್ದು ಅಳಿಯುತ್ತದೆ, ಸಹೃದಯಳಾಗಬೇಕಾದವಳಿಗೆ ಉಳಿದ ಪೊಳ್ಳು ಮಾತಷ್ಟೇ ತಲುಪುತ್ತದೆ.

ಈ ತಂತ್ರದ ಅಗತ್ಯವೇನೆಂಬುದನ್ನು ಭಾಷೆಯ ನೆಲೆಯಿಂದಲೂ ಕೇಳಬೇಕು. ಇಂಗ್ಲಿಷಿನ ‘ಯೂ’ ಸಲುಗೆಯನ್ನೂ ದೂರವನ್ನೂ ಒಂದೇ ರೂಪದಲ್ಲಿ ನುಂಗಿಕೊಳ್ಳುತ್ತದೆ. ಆದುದರಿಂದ ಸಂಬಂಧದ ಬದಲಾವಣೆಯನ್ನು ವ್ಯಾಕರಣದ ಹೊರಗೆ, ಅಳಿಸುವಿಕೆಯಲ್ಲಿ, ವಿಳಂಬದಲ್ಲಿ ತೋರಿಸಬೇಕಾಗುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ನೀನು’ ‘ನೀವು’ ಆಗುವುದು, ‘ಕಣೋ’, ‘ಕಣೇ’ಗಳು ವಾಕ್ಯದ ತುದಿಯಿಂದ ಉದುರುವುದು, ‘ಬಾರೋ’ ಎಂದವನು ‘ಬನ್ನಿ’ ಎನ್ನುವುದು: ಇಷ್ಟರಲ್ಲೇ ಐದು ವರ್ಷಗಳ ಕಥೆ ಅಡಗಿರಬಲ್ಲದು. ಈ ಆಟವನ್ನು ಕನ್ನಡಕ್ಕೆ ತರುವವರು ‘ನೀವು’ ಯಾವ ವರ್ಷದಲ್ಲಿ ಬರಬೇಕೆಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ. ಆಟಗಾರನು ಗಂಡೋ ಹೆಣ್ಣೋ ಎಂಬುದನ್ನೂ ಮೊದಲ ಸಾಲಿನಲ್ಲೇ ‘ಕಣೋ’, ‘ಕಣೇ’ಗಳು ಬಯಲು ಮಾಡಿಬಿಡುತ್ತವೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಇಲ್ಲಿ ಮುಂದಿಟ್ಟುಕೊಳ್ಳಲು ಕಾರಣವಿದೆ. ಆಟದ ಕಥಾಕಾಲದಲ್ಲಿ ಈ ನಾಲ್ಕೂ ಊರುಗಳು ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾದುದು 2007ರಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಎರಡರ ಜೊತೆಗೆ ದಖ್ಖನಿ ಉರ್ದು ಎಂಬುದು ಈ ಸೀಮೆಯ ಅನೇಕರ ನಿತ್ಯದ ಅನುಭವ. ತೆಲುಗಿನಲ್ಲೂ ‘ನುವ್ವು’, ‘ಮೀರು’ ಎಂಬ ಭೇದವಿದೆ. ‘ಏಂರಾ’ ಎಂದು ಕರೆದುಕೊಳ್ಳುತ್ತಿದ್ದ ಇಬ್ಬರಲ್ಲಿ ಒಬ್ಬ ಬೆಂಗಳೂರಿಗೆ ಹೋಗಿ, ಮುಂದೆ ಕನ್ನಡದಲ್ಲಿ ‘ಹೇಗಿದ್ದೀರಿ’ ಎಂದು ಕೇಳಿದರೆ ಸರ್ವನಾಮದ ಜೊತೆ ಭಾಷೆಯೇ ಬದಲಾದಂತಾಯಿತು. ಸ್ನೇಹದ ಸವೆತವನ್ನು ಗುರುತಿಸಲು ಇಂತಹ ದ್ವಿಭಾಷಾ ಪರಿಸರದಲ್ಲಿ ಇರುವಷ್ಟು ಸೂಕ್ಷ್ಮ ಮಾಪಕ ಸೀಲಿಯ ಕೈಯಲ್ಲಿರಲಿಲ್ಲ.

‘ಊಟ ಆಯ್ತಾ?’ ಎಂಬ ಪ್ರಶ್ನೆಯನ್ನೂ ಗಮನಿಸಬೇಕು. ಆಪ್ತರು ಕೇಳಿದಾಗ ಅದು ಕಾಳಜಿ. ಮಾತು ಬತ್ತಿದವರು ಕೇಳಿದಾಗ ಎಮಿಲಿಯ ಕೊನೆಯ ಅಧ್ಯಾಯದ ಹವಾಮಾನಕ್ಕೆ ಸಮ. ಒಂದೇ ಪದಪುಂಜ, ಒಂದೇ ಕಾಕು. ಚಾಟ್‌ನಲ್ಲಿ ಕಾಕುವೂ ಇಲ್ಲ.

ಆ ಕಾಲದ ಚಾಟ್ ಬರಹ ಬಹುಮಟ್ಟಿಗೆ ರೋಮನ್ ಲಿಪಿಯ ಕನ್ನಡದಲ್ಲಿತ್ತು. ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಸೈಬರ್ ಸೆಂಟರಿನಲ್ಲಿ ಕೂತವನಿಗೆ ಯಂತ್ರ ತನ್ನದಲ್ಲ, ಅದರಲ್ಲಿ ಉಳಿದ ಮಾತೂ ತನ್ನದಲ್ಲ. ಕಾಗದದ ಪತ್ರ ಪೆಟ್ಟಿಗೆಯ ತಳದಲ್ಲಾದರೂ ಉಳಿಯುತ್ತದೆ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸೀಲಿ ಅನುಕರಿಸಿದ ಎಓಎಲ್ ಮೆಸೆಂಜರ್ 2017ರ ಡಿಸೆಂಬರ್ 15ರಂದು, ಯಾಹೂ ಮೆಸೆಂಜರ್ 2018ರ ಜುಲೈ 17ರಂದು ಸೇವೆಯನ್ನು ನಿಲ್ಲಿಸಿದವು. ‘ಎಮಿಲಿ’ಯ ಗತಸ್ಮರಣೆ ಹೀಗಾಗಿ ವಿಚಿತ್ರವಾದುದು: ಆಟ ಬಂದಾಗ ಇನ್ನೂ ಬದುಕಿದ್ದ ಮೂಲ ಈಗಿಲ್ಲ, ಅದರ ನಕಲು ಉಳಿದಿದೆ.

ಕನ್ನಡಕ್ಕೆ ಅಂತಹ ನಕಲೂ ಇಲ್ಲ. ಸಾಹಿತಿಗಳ ಪತ್ರಗಳನ್ನು ಸಂಪಾದಿಸಿ ಪ್ರಕಟಿಸುವ ಪರಂಪರೆ ನಮ್ಮಲ್ಲಿದೆ. ಸಾಮಾನ್ಯರ ಚಾಟ್ ಬರಹ ಆ ಸಂಪಾದಕರ ದೃಷ್ಟಿಗೆ ಬಿದ್ದುದು ವಿರಳ. ಆ ದಿನಗಳಲ್ಲಿ ಕಾಲೇಜು ಓದುತ್ತಿದ್ದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಕ್ಷೇತ್ರಕಾರ್ಯ ಕೈಗೊಳ್ಳುವವರು ಅವರ ಗುಟ್ಟುಗಳನ್ನು ಕೆದಕಬೇಕಾಗಿಲ್ಲ. ಯಾರನ್ನು ಯಾವ ಭಾಷೆಯಲ್ಲಿ ಹೇಗೆ ಕರೆಯುತ್ತಿದ್ದಿರಿ, ಯಾವಾಗಿನಿಂದ ಹಾಗೆ ಕರೆಯುವುದು ನಿಂತಿತು ಎಂಬ ಎರಡು ಪ್ರಶ್ನೆಗಳೊಂದಿಗೆ ಗೌರಿಬಿದನೂರಿನಲ್ಲೋ ಶಿಡ್ಲಘಟ್ಟದಲ್ಲೋ ಕೆಲಸವನ್ನು ಆರಂಭಿಸಬಹುದು.