ನೆರೆಯ ಬಯಲನ್ನು ಗುರುತಿಸುವ ಕ್ರಮ: ನಂಜನಗೂಡಿನ ನಿದರ್ಶನ

ಹೊಳೆಯ ದಡದ ಭೂಮಿಯು ಫಲವತ್ತಾಗಿರುವುದಕ್ಕೆ ನೆರೆಯು ತಂದು ಹಾಕಿದ ಮೆಕ್ಕಲು ಮಣ್ಣೇ ಕಾರಣವು. ಮೆಕ್ಕಲು ಬಂದ ದಾರಿಯಲ್ಲಿಯೇ ನೀರು ಮತ್ತೆ ಬರುವುದೆಂಬುದನ್ನು ಮಾತ್ರ ಜನರು ಮರೆಯುತ್ತಾರೆ. ಆದಕಾರಣ ನೀರು ಎಲ್ಲಿಯವರೆಗೆ ಏರುವುದು, ಎಷ್ಟು ಆಳ ನಿಲ್ಲುವುದು ಎಂಬುದನ್ನು ಮುಂಚಿತವಾಗಿ ನಕ್ಷೆಯಲ್ಲಿ ಗುರುತಿಸಿಡುವುದು ಅವಶ್ಯಕವಾಗಿರುತ್ತದೆ.

ಮೈಸೂರು ಜಿಲ್ಲೆಯ ನಂಜನಗೂಡು ಇದಕ್ಕೆ ತಕ್ಕ ನಿದರ್ಶನವು. ವಯನಾಡಿನಿಂದ ಬರುವ ಕಪಿಲಾ ನದಿಯು ಪಟ್ಟಣದ ಅಂಚಿನಲ್ಲಿ ಹರಿಯುತ್ತದೆ. ಗುಂಡ್ಲು ಹೊಳೆಯು ಸಮೀಪದಲ್ಲಿಯೇ ಅದನ್ನು ಕೂಡುತ್ತದೆ. ಮೇಲುಗಡೆ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟುಂಟು. ಜಲಾಶಯವು 2284 ಅಡಿಗಳ ಪೂರ್ಣ ಮಟ್ಟಕ್ಕೆ ತುಂಬಿದ ಮೇಲೆ ಒಳಬಂದ ನೀರನ್ನು ಹೊರಗೆ ಬಿಡದೆ ವಿಧಿಯಿಲ್ಲ. ಆದುದರಿಂದ ಪಟ್ಟಣದಲ್ಲಿ ಮಳೆಯೇ ಇಲ್ಲದ ದಿನವೂ ನೆರೆ ಬರಬಹುದು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯ ಮೇಲೆ ನೀರು ಹರಿದು ಸಂಚಾರವು ನಿಂತಿತು.

ನಕ್ಷೆಯ ಕೆಲಸದಲ್ಲಿ ಮೂರು ಹಂತಗಳುಂಟು.

1. ನೆರೆಯ ಗುರುತು: ನೀರು ಇಳಿದ ಕೂಡಲೇ ಗೋಡೆ, ಕಂಬ, ಮರಗಳ ಮೇಲೆ ಉಳಿದ ಕೆಸರಿನ ಗೆರೆಗೆ ಬಣ್ಣ ಹಚ್ಚಿ, ತಾರೀಖನ್ನು ಬರೆಯತಕ್ಕದ್ದು. ಒಂದೆರಡು ಮಳೆಯಾದರೆ ಈ ಗೆರೆಯು ಅಳಿಸಿಹೋಗುವುದು.

2. ಮಟ್ಟದ ಅಳತೆ: ಗುರುತಿನ ಮಟ್ಟದಲ್ಲಿ ಹೊಲದ ಮಟ್ಟವನ್ನು ಕಳೆದರೆ ನೀರಿನ ಆಳವು ದೊರೆಯುತ್ತದೆ. ಗುರುತು 100 ಅಡಿ, ಹೊಲವು 96 ಅಡಿ ಇದ್ದರೆ ಅಲ್ಲಿ 4 ಅಡಿ ನೀರು ನಿಂತಿತೆಂದು ತಿಳಿಯಬೇಕು. ಹರಿಯುವ ನೀರಿಗೆ ಇಳಿಜಾರುಂಟಾದ್ದರಿಂದ ಒಂದೇ ಗುರುತನ್ನು ಊರಿಗೆಲ್ಲ ಅನ್ವಯಿಸಕೂಡದು; ನದಿಯುದ್ದಕ್ಕೂ ಹಲವು ಗುರುತುಗಳು ಬೇಕು.

3. ನೆರೆಯ ಸಂಭವ: ಪ್ರತಿ ವರ್ಷದ ಅತಿ ಹೆಚ್ಚಿನ ಹರಿವಿನ ಲೆಕ್ಕದಿಂದ ಇದನ್ನು ಗೊತ್ತುಮಾಡುತ್ತಾರೆ. ‘ನೂರು ವರ್ಷದ ನೆರೆ’ ಎಂದರೆ ಒಮ್ಮೆ ಬಂದರೆ ನೂರು ವರ್ಷ ಬಾರದೆಂದು ಅರ್ಥವಲ್ಲ. ಯಾವ ವರ್ಷವಾದರೂ ಅದು ಬರುವ ಸಂಭವವು ನೂರಕ್ಕೆ 1 ಎಂದರ್ಥ. ಮೂವತ್ತು ವರ್ಷ ಬಾಳುವ ಮನೆಗೆ ಆ ಅಪಾಯವು ನೂರಕ್ಕೆ ಸುಮಾರು 26 ಆಗುತ್ತದೆ.

ಹೀಗೆ ಸಿದ್ಧವಾದ ನಕ್ಷೆಯಲ್ಲಿ ನೀರು ರಭಸದಿಂದ ಹರಿಯುವ ಭಾಗವನ್ನೂ, ನಿಂತು ಇಳಿಯುವ ಭಾಗವನ್ನೂ ಬೇರೆ ಬೇರೆಯಾಗಿ ತೋರಿಸತಕ್ಕದ್ದು. ಮೊದಲನೆಯದರಲ್ಲಿ ಕಟ್ಟಡವನ್ನಾಗಲಿ, ಮಣ್ಣು ತುಂಬಿ ಎತ್ತರಿಸುವುದನ್ನಾಗಲಿ ಮಾಡಕೂಡದು. ಒಬ್ಬನು ತನ್ನ ಜಮೀನನ್ನು ಎತ್ತರಿಸಿದರೆ ಆ ನೀರು ನೆರೆಯವನ ಹೊಲಕ್ಕೆ ನುಗ್ಗುವುದು. ಎರಡನೆಯದರಲ್ಲಿ ಬೇಸಾಯ ಮಾಡಬಹುದು. ಆದರೆ ಬಿತ್ತನೆ ಬೀಜ, ಮೇವು, ಪಂಪುಗಳನ್ನು ಗುರುತಿಗಿಂತ ಮೇಲೆ ಇಡಬೇಕು. ದನಕರುಗಳನ್ನು ಎತ್ತರದ ಸ್ಥಳಕ್ಕೆ ಸಾಗಿಸುವ ದಾರಿಯನ್ನು ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಿರಬೇಕು.

ಮಟ್ಟದ ಅಳತೆಯನ್ನು ಇಂಜಿನಿಯರುಗಳು ಮಾಡಬಲ್ಲರು. ನೀರು ಯಾವ ಮೆಟ್ಟಿಲಿನವರೆಗೆ ಬಂದಿತ್ತೆಂಬುದನ್ನು ಹೇಳಬಲ್ಲವರು ಊರಿನ ಹಿರಿಯರೇ. ಗ್ರಾಮದ ಮುಖಂಡರೂ ಜಮೀನುದಾರರೂ ಆ ಗುರುತುಗಳನ್ನು ಕಲ್ಲಿನಲ್ಲಿ ಕೊರೆಯಿಸಿ ಕಾಪಾಡಿದರೆ ಮುಂದಿನವರ ಮನೆಮಾರುಗಳು ಉಳಿಯುವುವು.