ಕಳಚಿಕೊಳ್ಳುವ ಬೇಸ್ ಮತ್ತು ಆಟಗಾರನ ಕಾಲು

ದಂಪತಿಗಳೇ, ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಓಡಿ ಬರುವ ಆಟಗಾರನು ನೆಲದ ಮೇಲೆ ಜಾರಿ, ಬೇಸ್ ಎಂಬ ಚೌಕ ಮೆತ್ತೆಯನ್ನು ಕಾಲಿನಿಂದ ಮುಟ್ಟುವುದುಂಟು. ನೆಲದಲ್ಲಿ ಹೂತ ಕಬ್ಬಿಣಕ್ಕೆ ಬಿಗಿದ ಬೇಸ್ ಕದಲದು. ಓಟದ ರಭಸವೆಲ್ಲವೂ ಪಾದದ ಮೇಲೆ ಬಿದ್ದು ಕೀಲು ಉಳುಕುವುದು, ಮೂಳೆಯೂ ಮುರಿಯಬಹುದು.

ಇದೇ ಬಗೆಯ ಸಾಫ್ಟ್‌ಬಾಲ್ ಆಟವನ್ನು ಪರೀಕ್ಷಿಸಿ ಮಿಶಿಗನ್‌ನ ವೈದ್ಯರು 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಗಿದ ಬೇಸ್‌ಗಳಿದ್ದ 627 ಪಂದ್ಯಗಳಲ್ಲಿ ಜಾರುವಾಗ 45 ಗಾಯಗಳಾದವು. ಬಲವಾಗಿ ತಾಗಿದೊಡನೆ ಕಳಚಿಕೊಳ್ಳುವ ಬೇಸ್‌ಗಳಿದ್ದ 633 ಪಂದ್ಯಗಳಲ್ಲಿ ಕೇವಲ 2. ಆಟದ ಭರದಲ್ಲಿ ಬುದ್ಧಿಮಾತು ಯಾರಿಗೆ ನೆನಪಿದ್ದೀತು? ಬೇಸನ್ನೇ ಬದಲಿಸಿದ್ದು ಉಚಿತವೆಂದು ನನ್ನ ಅಭಿಪ್ರಾಯ.

ನಿಮ್ಮ ಮಕ್ಕಳು ಯಾವುದೇ ಆಟದಲ್ಲಿ ಕಾಲು ಉಳುಕಿಸಿಕೊಂಡರೆ ಎಣ್ಣೆ ಹಚ್ಚಿ ನೀವಬೇಡಿರಿ, ಎಳೆಯಬೇಡಿರಿ. ಅಲುಗದಂತೆ ಆಧಾರವಿಟ್ಟು ಕಟ್ಟಿ, ನಡೆಸದೆ ಆಸ್ಪತ್ರೆಗೆ ಕರೆತನ್ನಿರಿ.